ಕಂಪ್ಯೂಟರಿಗೆ ಹತ್ತಿದ ನೆದರು

“ಸೌಮ್ಯಾ, ಸ್ವಲ್ಪ ಆ ಕಡೆ ಸರಿ. ನಾಹಿದಾಗ ಕಾಣವಲ್ದು.”

ರಾಜಶೇಖರ ಕಾಕಾ ತಲೆ ಎತ್ತದೆಯೇ ಹೇಳಿದ. ಸೌಮ್ಯಾ ಸರಿದಳು. ಸರಿದ ಮೇಲೆ ಅವಳಿಗೆ ಸಿಟ್ಟು ನೆತ್ತಿಗೇರಿತು. ಮನೆ ಅವಳದು. ಟೇಬಲ್ ಅವಳ ಮನೆಯದು. ಕಾಕಾ ಅಂತೂ ಅವಳ ಸ್ವಂತ ಕಾಕಾ, ಅಪ್ಪನ ತಮ್ಮ. ಆದರೂ ಸ್ಟೂಲಿನ ಮೇಲೆ ಕೂತ ನಾಹಿದಾಳಿಗಾಗಿ ಸರಿಯಬೇಕಾದವಳು ಅವಳೇ!

“ಇಷ್ಟು ಸರಿದ್ರ ಸಾಕೇನ?” ಎನ್ನುತ್ತ ಅವಳು ಬೇಕಂತಲೇ ಬಾಗಿಲಿನವರೆಗೂ ಹೋಗಿ ನಿಂತಳು. ಯಾರೂ ತಿರುಗಿ ನೋಡಲಿಲ್ಲ. ಕೊನೆಗೆ ಅವಳೇ ಮೆಲ್ಲಗೆ ವಾಪಸ್ ಬಂದಳು.

ಆ ಮನೆಯ ಮುಂದಿನ ಕೋಣೆಯೇ ಕಾಕಾನ ಅಂಗಡಿ. ಕರೆಂಟಿನ ತಕ್ಕಡಿ ರಿಪೇರಿ ಮಾಡುವುದು ಅವನ ಕೆಲಸ. ಎಪಿಎಂಸಿಯ ಕಾಳಿನ ವ್ಯಾಪಾರಿಗಳು, ಕಿರಾಣಿ ಅಂಗಡಿಯವರು, ಶಿರಗುಪ್ಪಿಯಿಂದ ಹತ್ತಿ ತರುವವರು ಎಲ್ಲರೂ ಕೆಟ್ಟ ತಕ್ಕಡಿ ಎತ್ತಿಕೊಂಡು ಇಲ್ಲಿಗೇ ಬರುತ್ತಾರೆ. ಆದರೆ ಆ ಶನಿವಾರ ಸಂಜೆ ಟೇಬಲ್ಲಿನ ನಡುವೆ ಇದ್ದದ್ದು ತಕ್ಕಡಿಯಲ್ಲ. ಕನ್ನಡಕದ ಡಬ್ಬಿಗಿಂತ ಸ್ವಲ್ಪ ದೊಡ್ಡದಾದ ಒಂದು ಕರಿ ಮಷೀನು. ಮುಚ್ಚಳ ತೆರೆದರೆ ಮೇಲೆ ಪುಟ್ಟ ಸ್ಕ್ರೀನು, ಕೆಳಗೆ ಶೇಂಗಾ ಬೀಜದಷ್ಟು ಸಣ್ಣ ಕೀಗಳು. ಅಂಗೈಯಲ್ಲಿ ಹಿಡಿಯುವ ಕಂಪ್ಯೂಟರು!

ತಾರಿಹಾಳದಲ್ಲಿ ಒಂದು ಫ್ಯಾಕ್ಟರಿ ಮುಚ್ಚಿದಾಗ ಹಳೆ ತಕ್ಕಡಿಗಳ ಚೀಲದಲ್ಲಿ ಇದೂ ಬಂದಿತ್ತು. ಆನ್ ಮಾಡಿದರೆ ಫ್ಯಾಕ್ಟರಿಯ ಹೆಸರು ತೋರಿಸಿ ಪಾಸ್‌ವರ್ಡ್ ಕೇಳುತ್ತಿತ್ತು. ಪಾಸ್‌ವರ್ಡ್ ಗೊತ್ತಿದ್ದವರು ಯಾವ ಊರು ಸೇರಿದ್ದರೋ ಯಾರಿಗೆ ಗೊತ್ತು? ಹಳೆಯದನ್ನೆಲ್ಲ ಅಳಿಸಿ, ಇದಕ್ಕೆ ಲಿನಕ್ಸ್ ಹಾಕುತ್ತೇನೆ ಎಂದು ಕಾಕಾ ಹಟ ಹಿಡಿದಿದ್ದ.

ಈಗ ಒಂದು ಮಾತು ಹೇಳಲೇಬೇಕು, ಇಲ್ಲದಿದ್ದರೆ ನೀವು ಸೌಮ್ಯಾಳನ್ನು ನೋಡಿ ಸುಮ್ಮನೆ ಮರುಗುತ್ತೀರಿ. ಕಾಕಾ ಮೊದಲು ಕರೆದದ್ದು ಅವಳನ್ನೇ.

“ಬಾ ಇಲ್ಲೆ, ಕುಂದ್ರು. ಲಿನಕ್ಸ್ ಅಂದ್ರ ಮಷೀನಿಗೆ ಏನ ಮಾಡಬೇಕು, ಏನ ಮಾಡಬಾರದು ಅಂತ ಹೇಳೋ ಯಜಮಾನ. ಅದರಾಗ ಬ್ಯಾರೆ ಬ್ಯಾರೆ ನಮೂನಿ ಅದಾವ. ಇದು ಮುದುಕ ಮಷೀನು, ಅದಕ್ಕ ಹಗೂರದ್ದೊಂದು ಹುಡುಕೇನಿ. ಲ್ಯಾಪ್‌ಟಾಪಿನಿಂದ ಅದನ್ನ ಈ ಮೆಮರಿ ಕಾರ್ಡಿಗೆ ಹಾಕಬೇಕು. ಕಾರ್ಡ್ ಇದರ ಸಂದ್ಯಾಗ ಸಿಗಿಸಬೇಕು. ಆಗ ಮಷೀನು ಕಾರ್ಡಿನಿಂದ ಏಳತೈತಿ. ಆಮ್ಯಾಲೆ ಲಿನಕ್ಸ್ ಒಳಗ ಹೋಗಿ ಕಾಯಂ ಕುಂದರತೈತಿ. ತಿಳೀತೇನ?”

“ಗೇಮ್ ಅದಾವೇನ ಇದರಾಗ?” ಎಂದು ಸೌಮ್ಯಾ ಕೇಳಿದ್ದಳು.

“ಈಗಿಲ್ಲ. ಮೊದಲ ಇದು ಏಳಬೇಕಲಾ.”

ಕರಿ ಸ್ಕ್ರೀನು, ಬಿಳಿ ಅಕ್ಷರ, ಒಂದು ಬಣ್ಣವಿಲ್ಲ, ಒಂದು ಚಿತ್ರವಿಲ್ಲ. ಸೌಮ್ಯಾ ದೊಡ್ಡದಾಗಿ ಆಕಳಿಸಿ, “ಕಾಕಾ, ಭಾಳ ಬೋರು” ಎಂದು ಹೇಳಿ ಕುಂಟಾಬಿಲ್ಲೆ ಆಡಲು ಓಡಿದ್ದಳು.

ಅದೇ ಹೊತ್ತಿಗೆ ನಾಹಿದಾ ಬಂದಳು. ನಾಹಿದಾ ಹಿಂದಿನ ಓಣಿಯವಳು, ಸೌಮ್ಯಾಳ ಕ್ಲಾಸಿನವಳೇ. ಅವಳ ಅಬ್ಬಾನದು ಹಣ್ಣಿನ ಗಾಡಿ. ಗಾಡಿಯ ತಕ್ಕಡಿ ರಿಪೇರಿ ಆಗಿದೆಯೇ ಎಂದು ಕೇಳಲು ಬಂದವಳು ಕರಿ ಸ್ಕ್ರೀನು ನೋಡಿ, “ಕಾಕಾರಿ, ಇದೇನ್ರಿ?” ಎಂದಳು. ಅದಕ್ಕೆ ಉತ್ತರ ಸಿಕ್ಕಿತು. “ಅದು ಯಾಕ್ರಿ?” ಎಂದಳು. ಅದಕ್ಕೂ ಸಿಕ್ಕಿತು. ಕೇಳುತ್ತಾ ಕೇಳುತ್ತಾ ಸ್ಟೂಲಿನ ಮೇಲೆ ಕೂತೇಬಿಟ್ಟಳು. ಅವತ್ತಿನಿಂದ ಸಾಲೆ ಬಿಟ್ಟ ಕೂಡಲೇ ಹಾಜರು. ಸಾಲೆಗೆ ದೊಡ್ಡ ಸೂಟಿ ಬಿದ್ದ ಮೇಲಂತೂ ಮುಂಜಾನೆಯೇ ಹಾಜರು.

ಬೇಡವೆಂದು ಬಿಟ್ಟು ಓಡಿದ್ದು ಬೇರೆಯವರ ಕೈ ಸೇರಿದ ಕೂಡಲೇ ಸೌಮ್ಯಾಳಿಗೆ ಬೇಕಾಯಿತು. ಹಾಗಂತ ಬಾಯಿಬಿಟ್ಟು ಹೇಳಲು ಮಾನ ಅಡ್ಡ ಬಂತು. ಹೀಗಾಗಿ ಅವಳು ಟೇಬಲ್ಲಿನ ಸುತ್ತ ಸುಳಿಯುತ್ತಾ, ಎಲ್ಲರಿಗೂ ಅಡ್ಡ ನಿಲ್ಲುತ್ತಾ ಇದ್ದಳು.

“ಹೂಂ, ಈಗ ಕಾರ್ಡ್ ಹಾಕು” ಎಂದ ಕಾಕಾ, ಆ ಶನಿವಾರ ಸಂಜೆ ನಾಹಿದಾಳಿಗೆ.

ನಾಹಿದಾ ಉಗುರಿನಷ್ಟು ಸಣ್ಣ ಕಾರ್ಡನ್ನು ಮಷೀನಿನ ಪಕ್ಕದ ಸಂದಿಯಲ್ಲಿ ತೂರಿಸಿದಳು. ಸಂದಿಗೆ ಇರಬೇಕಾದ ರಬ್ಬರ್ ಮುಚ್ಚಳ ಎಂದೋ ಬಿದ್ದು ಹೋಗಿತ್ತು. ಒಂದು ಬೆರಳಿನಿಂದ ಮೂಲೆಯ ಕೀ ಒತ್ತಿ ಹಿಡಿದು, ಇನ್ನೊಂದರಿಂದ ಆನ್ ಮಾಡಿದಳು. ಪಾಸ್‌ವರ್ಡ್ ಬರಲಿಲ್ಲ. ಸ್ಕ್ರೀನು ಕಪ್ಪಾಯಿತು. ಆಮೇಲೆ ಬಿಳಿ ಅಕ್ಷರಗಳು ಕೆಳಗಿನಿಂದ ಮೇಲಕ್ಕೆ ಸರಸರ ಓಡತೊಡಗಿದವು.

“ಬಂತು! ಕಾಕಾರಿ, ಬಂತು!”

“ಶಾಬ್ಬಾಸ್ ಹುಲಿ!” ಎಂದು ಕಾಕಾ ನಾಹಿದಾಳ ತಲೆಗೆ ಮೆಲ್ಲಗೆ ಮೊಟಕಿದ.

ಸೌಮ್ಯಾಳಿಗೆ ಚುರ್ರೆಂದಿತು. ಆ ಮೊಟಕು ಅವಳದು. ಗಣಿತದಲ್ಲಿ ಪೂರಾ ಮಾರ್ಕ್ಸ್ ಬಂದಾಗ, ಸೈಕಲ್ ಕಲಿತಾಗ ಕಾಕಾ ಅವಳಿಗೆ ಕೊಟ್ಟ ಮೊಟಕು ಅದೇ. ‘ಹುಲಿ’ ಅಂತ ಬೇರೆ ಅಂದ! ಮತ್ತೆ ಇವಳಾದರೂ ಯಾಕೆ ಕಾಕಾ ಕಾಕಾ ಅಂತ ಕರೆಯಬೇಕು? ‘ಅಂಕಲ್’ ಅಂದರೆ ಬಾಯಿ ನೋಯುತ್ತದೆಯೇ?

ಅಷ್ಟರಲ್ಲಿ ಕರೆಂಟು ಹೋಯಿತು. ಮುದುಕ ಮಷೀನಿನ ಬ್ಯಾಟರಿಯಲ್ಲಿ ದಮ್ಮಿರಲಿಲ್ಲ, ಅದೂ ಕಣ್ಣು ಮುಚ್ಚಿತು. ಇನ್ನು ನಾಳೆಯೇ ಎಂದು ಕಾಕಾ ಹೇಳಿದ. ನಾಹಿದಾ ಕಾರ್ಡು ತೆಗೆದು, ಜೋಪಾನವಾಗಿ ಕಂಪಾಸ್ ಬಾಕ್ಸಿನಲ್ಲಿ ಇಟ್ಟುಕೊಂಡಳು.

ಒಳಗಿನಿಂದ ಮುರಿಗೆವ್ವಾಯಿ ಬಂದರು. ಅವರು ಸೌಮ್ಯಾಳ ಅಜ್ಜಿ. ಮನೆಯ ಮಕ್ಕಳು, ಓಣಿಯ ಮಕ್ಕಳು ಎಲ್ಲರೂ ಅವರನ್ನು ಆಯಿ ಎಂದೇ ಕರೆಯುತ್ತಾರೆ.

“ರಾಜಾ, ನಾಳೆ ಗಬ್ಬೂರ ಫಕೀರೇಶ ಗುಜರಿ ಟೆಂಪೋ ತರತಾನ. ಕೆಟ್ಟ ಸಾಮಾನು ಒಂದೂ ಮನ್ಯಾಗ ಇರಬಾರದು. ಕಾಲಿಡಾಕ ಜಾಗಾ ಇಲ್ಲ.”

“ಇದೊಂದು ಇರ್ಲಿ ಅವ್ವಾ. ನಾಳೆ ಚಾಲೂ ಆಗತೈತಿ.”

“ಚಾಲೂ ಆದ್ರ ಇರ್ಲಿ. ಇಲ್ಲಾಂದ್ರ ಟೆಂಪೋಕ್ಕ.” ಆಯಿಯ ಮಾತು ಅಂದರೆ ಮುಗಿಯಿತು.

ಕಾಕಾ ನಕ್ಕು ನಾಹಿದಾಳ ಕಡೆ ತಿರುಗಿದ. “ಕೇಳಿದೇನವಾ? ಚಾಲೂ ಆತಂದ್ರ ಸೂಟಿ ಮುಗಿಯೂಮಟ ಇದು ನಿನ್ನ ಹತ್ರನ ಇರ್ಲಿ. ಮನೀಗೆ ಒಯ್ದು ಕಲಿ.”

ನಾಹಿದಾಳ ಮುಖ ಅರಳಿತು. ಸೌಮ್ಯಾಳ ಹೊಟ್ಟೆ ಉರಿಯಿತು. ಆಯಿ ಬಿಸಿ ರೊಟ್ಟಿ, ಶೇಂಗಾ ಚಟ್ನಿ ಹಾಕಿಕೊಟ್ಟರೂ ಅವಳಿಗೆ ರುಚಿ ಹತ್ತಲಿಲ್ಲ. ಅಪ್ಪ ಅವ್ವ ಲಗ್ನಕ್ಕೆಂದು ಗದಗಕ್ಕೆ ಹೋಗಿದ್ದರು. ದೂರು ಹೇಳೋಣವೆಂದರೆ ಅವರೂ ಇಲ್ಲ. ಇದ್ದಿದ್ದರೂ ಏನೆಂದು ದೂರುವುದು?

ಮರುದಿನ ಅಮಾವಾಸ್ಯೆ. ಪ್ರತಿ ಅಮಾವಾಸ್ಯೆಗೂ ಆಯಿ ಅಂಗಡಿಯ ಪೂಜೆ ಮಾಡುತ್ತಾರೆ. ಟೇಬಲ್ ಒರೆಸಿ, ತಕ್ಕಡಿಗಳನ್ನೆಲ್ಲ ಸಾಲಾಗಿ ಜೋಡಿಸಿ, ಒಂದೊಂದಕ್ಕೂ ಮೂರು ಬೆರಳಿನಿಂದ ವಿಭೂತಿ ಎಳೆದು, ಕಾಯಿ ಒಡೆಯುವುದು. ಕಾಕಾ ಜಳಕಕ್ಕೆ ಹೋಗಿದ್ದ. ಸೌಮ್ಯಾ ಹೂವಿನ ಬುಟ್ಟಿ ಹಿಡಿದು ಹಿಂದೆ ನಿಂತಿದ್ದಳು.

ಸಾಲಿನ ಕೊನೆಯಲ್ಲಿ ಆ ಕರಿ ಮಷೀನು ಗೋಡೆಗೆ ಆನಿಕೊಂಡು ನಿಂತಿತ್ತು. ಕಾರ್ಡಿನ ಸಂದಿ ಮೇಲ್ಗಡೆಗೆ ಇತ್ತು.

“ಇದು ಕಂಪ್ಯೂಟರ್ ಅಂತಲ್ಲ” ಎಂದರು ಆಯಿ. “ದೊಡ್ಡದು. ಇದಕ್ಕ ಸ್ವಲ್ಪ ಜಾಸ್ತಿನ ಹಚ್ಚತೇನಿ.”

ಅವರು ನೀರಿನಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳ ತುಂಬ ತೆಗೆದುಕೊಂಡು, ಮಷೀನಿನ ಅಂಚಿಗೆ ಭಕ್ತಿಯಿಂದ ಒತ್ತಿ ಎಳೆದರು. ಗಟ್ಟಿ ವಿಭೂತಿ ಸಂದಿಯೊಳಗೆ ಇಳಿಯಿತು. ಇಳಿದದ್ದನ್ನು ಸೌಮ್ಯಾ ಕಣ್ಣಾರೆ ನೋಡಿದಳು.

“ಆಯಿ...”

“ಏನವಾ?”

ಅಲ್ಲಿ ಹಚ್ಚಬ್ಯಾಡ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದರ ಜೊತೆಗೆ ನಿನ್ನೆಯ ಮೊಟಕೂ ನೆನಪಿಗೆ ಬಂತು.

“ಏನಿಲ್ಲ” ಎಂದು ಸೌಮ್ಯಾ ಹೂವು ಕೊಟ್ಟಳು.

ಸ್ವಲ್ಪ ಹೊತ್ತಿಗೆ ನಾಹಿದಾ ಬಂದಳು. ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿಕೊಂಡು, ಹಬ್ಬಕ್ಕೆ ಹೊರಟವಳ ಹಾಗೆ ಬಂದಿದ್ದಳು. ಕಾಕಾ ಅಮಾವಾಸ್ಯೆಯ ವಾಡಿಕೆಯಂತೆ ಎಲ್ಲ ತಕ್ಕಡಿಗಳ ಮೇಲಿನ ವಿಭೂತಿಯನ್ನು ಬಟ್ಟೆಯಿಂದ ಒರೆಸಿದ. ಮಷೀನನ್ನೂ ಒರೆಸಿದ. ಮೇಲೆ ಮೇಲೆ ಎಲ್ಲ ಸ್ವಚ್ಛವಾಯಿತು. ಈಗ ನೋಡುತ್ತಾನೆ, ಈಗ ನೋಡುತ್ತಾನೆ ಎಂದು ಸೌಮ್ಯಾ ಉಸಿರು ಹಿಡಿದುಕೊಂಡಳು. ಕಾಕಾ ನೋಡಲಿಲ್ಲ.

ನಾಹಿದಾ ಕಾರ್ಡು ತೂರಿಸಿದಳು. ಕೀ ಒತ್ತಿ ಹಿಡಿದು ಆನ್ ಮಾಡಿದಳು.

ಫ್ಯಾಕ್ಟರಿಯ ಹೆಸರು ಬಂತು. ಕೆಳಗೆ ಪಾಸ್‌ವರ್ಡ್.

“ಮೂಲಿ ಕೀ ಸರಿ ಒತ್ತಿದೇನ?”

“ಹೌದ್ರಿ, ಒತ್ತೇನ್ರಿ.”

ಮತ್ತೊಮ್ಮೆ ಮಾಡಿದರು. ಮತ್ತೂ ಒಮ್ಮೆ ಮಾಡಿದರು. ಅದೇ ಪಾಸ್‌ವರ್ಡ್. ಕಾಕಾ ಕಾರ್ಡು ತೆಗೆದು ತಿರುಗಿಸಿ ನೋಡಿದ, ಅಂಗಿಗೆ ತಿಕ್ಕಿದ. “ನಿಮ್ಮ ಮನ್ಯಾಗ ನೀರಾಗ ಗೀರಾಗ ಬಿದ್ದಿತ್ತೇನ?” ಎಂದು ಕೇಳಿದ.

“ಇಲ್ರಿ ಕಾಕಾ! ಕಂಪಾಸ್ ಬಾಕ್ಸ್ ನಾ ತೆಗದೇ ಇಲ್ರಿ!” ನಾಹಿದಾಳ ದನಿ ಸಣ್ಣಗಾಯಿತು.

ಲ್ಯಾಪ್‌ಟಾಪಿಗೆ ಹಾಕಿದರೆ ಕಾರ್ಡು ಸರಿಯಾಗಿಯೇ ಇತ್ತು. ಆದರೂ ಎಲ್ಲ ಅಳಿಸಿ, ಲಿನಕ್ಸನ್ನು ಮೊದಲಿನಿಂದ ಮತ್ತೆ ಕಾರ್ಡಿಗೆ ಹಾಕಿದರು. ಅದೇ ಒಂದು ಹೊತ್ತು ಹಿಡಿಯಿತು. ಅಷ್ಟೂ ಹೊತ್ತು ನಾಹಿದಾ ಕೈ ಕಟ್ಟಿಕೊಂಡು, ಪಿಳಿಪಿಳಿ ನೋಡುತ್ತಾ ಕೂತಿದ್ದಳು. ಮತ್ತೆ ಮಷೀನಿಗೆ ಹಾಕಿದರು. ಪಾಸ್‌ವರ್ಡ್!

ಕಾಕಾ ಕುರ್ಚಿಗೆ ಒರಗಿದ. “ಕಾರ್ಡ್ ಛಲೋ ಐತಿ. ಅಂದ್ರ ಮಷೀನಿನೊಳಗ ಕಾರ್ಡ್ ಹಿಡಿಯೂ ಪಿನ್‌ಗಳ ಹೋಗ್ಯಾವ. ಹಳೇ ಮಾಲು. ಈ ಪಾರ್ಟ್ ಈಗ ಎಲ್ಲೂ ಸಿಗೂದಿಲ್ಲ.”

ಸೌಮ್ಯಾಳಿಗೆ ಮೊದಲು ಖುಷಿಯೇ ಆಯಿತು. ಸುಳ್ಳು ಯಾಕೆ ಹೇಳಬೇಕು? ಆಗಲಿ, ಚಲೋ ಆಯಿತು, ಹುಲಿ ಅಂತೆ ಹುಲಿ, ಎಂದು ಮನಸ್ಸಿನಲ್ಲೇ ಅಂದುಕೊಂಡಳು. ಆದರೆ ಆ ಖುಷಿ ಹೆಚ್ಚು ಹೊತ್ತು ಬಾಳಲಿಲ್ಲ. ಯಾಕೆಂದರೆ ಆಯಿ ಸೊಂಟಕ್ಕೆ ಕೈ ಇಟ್ಟುಕೊಂಡು ಬಾಗಿಲಲ್ಲಿ ಬಂದು ನಿಂತರು.

“ನಿನ್ನೆ ಚಾಲೂ ಇತ್ತು, ಇವತ್ತು ಇಲ್ಲಂದ್ರ ಏನ ಅರ್ಥ? ನೆದರ ಹತ್ತೇತಿ, ಯಾರದೋ ಕಣ್ಣ ಬಿದ್ದೈತಿ.”

“ಅವ್ವಾ, ಕಂಪ್ಯೂಟರಿಗೆ ಎಲ್ಲೆರ ನೆದರ ಹತ್ತತೈತೇನ?”

“ಎಮ್ಮಿಗೆ ಹತ್ತತೈತಿ, ಕೂಸಿಗೆ ಹತ್ತತೈತಿ, ಕಂಪ್ಯೂಟರಿಗೆ ಯಾಕ ಹತ್ತಬಾರದು? ನೀ ಸುಮ್ಮ ಕುಂದ್ರು.”

ಆಯಿ ಅಡುಗೆಮನೆಯಿಂದ ಮುಷ್ಟಿಯಲ್ಲಿ ಉಪ್ಪು, ಸಾಸಿವೆ, ಒಣ ಮೆಣಸಿನಕಾಯಿ ತಂದರು. ಹಿತ್ತಲಿನ ನೀರೊಲೆಯಿಂದ ಕಬ್ಬಿಣದ ತಟ್ಟೆಯಲ್ಲಿ ಕೆಂಡ ತಂದು ಹೊಸ್ತಿಲ ಹೊರಗಿಟ್ಟರು. ಮುಷ್ಟಿಯನ್ನು ಮಷೀನಿನ ಸುತ್ತ ನಿವಾಳಿಸಿ ಇಳಿ ತೆಗೆಯುತ್ತಾ, “ಬಂದವರ ಕಣ್ಣ, ಹೋದವರ ಕಣ್ಣ, ಓಣಿಯವರ ಕಣ್ಣ, ಮನಿಯವರ ಕಣ್ಣ...” ಎಂದು ಗುನುಗಿದರು. ‘ಮನಿಯವರ ಕಣ್ಣ’ ಎಂದಾಗ ಸೌಮ್ಯಾ ತನಗೆ ಗೊತ್ತಿಲ್ಲದೆಯೇ ಕಣ್ಣು ಮುಚ್ಚಿಕೊಂಡಳು.

ಆಯಿ ಮುಷ್ಟಿಯಲ್ಲಿದ್ದುದನ್ನು ಕೆಂಡಕ್ಕೆ ಸುರುವಿದರು. ಸಾಸಿವೆ ಚಟಚಟ ಅಂದವು. ಮೆಣಸಿನಕಾಯಿ ಕರ್ರಗಾದವು. ಎಲ್ಲರೂ ಮೂಗು ಹಿಡಿದುಕೊಂಡು ಕೆಮ್ಮಲು ತಯಾರಾಗಿ ನಿಂತರು. ಕೆಮ್ಮು ಬರಲಿಲ್ಲ.

“ನೋಡ್ರಿ! ಘಾಟ ಬರವಲ್ದು! ಅಂದ್ರ ನೆದರ ಜಬರದಸ್ತ ಐತಿ!”

“ಅವ್ವಾ, ಅದು ಬ್ಯಾಡಗಿ ಮೆಣಸಿನಕಾಯಿ” ಎಂದ ಕಾಕಾ. “ಬಣ್ಣ ಅಷ್ಟ ಅದಕ್ಕ. ಘಾಟ ಎಲ್ಲಿಂದ ಬರಬೇಕು? ಗುಂಟೂರಿಂದು ಹಾಕಿ ನೋಡು, ಓಣಿ ಮಂದಿ ಎಲ್ಲಾ ಕೆಮ್ಮತಾರ.”

ನಾಹಿದಾ ಅಂಥ ದುಃಖದಲ್ಲೂ ಕಿಸಕ್ಕನೆ ನಕ್ಕಳು. ಆಯಿ ನಗಲಿಲ್ಲ.

“ನಗ್ರಿ, ನಗ್ರಿ. ಇದನ್ನ ಹೊರಗಿನವರು ಯಾರೂ ನೋಡೇ ಇಲ್ಲ. ನೋಡಿದಾವರು ನಾವ ನಾಕು ಮಂದಿ. ಈ ಕೋಣ್ಯಾಗಿನವರದ ಕಣ್ಣು ಇದು, ನಾ ಬರದು ಕೊಡತೇನಿ.”

ಸೌಮ್ಯಾ ಅಲ್ಲಿ ನಿಲ್ಲಲಿಲ್ಲ. ಒಳಗೆ ಓಡಿ ಕಪಾಟಿನ ಕನ್ನಡಿಯ ಮುಂದೆ ನಿಂತಳು. ಕಣ್ಣುಗಳನ್ನು ಅಗಲಿಸಿ ನೋಡಿಕೊಂಡಳು. ಎರಡೂ ಯಾವಾಗಿನಂತೆಯೇ ಇದ್ದವು. ಒಂದರ ಮೂಲೆಯಲ್ಲಿ ಸ್ವಲ್ಪ ಪಿಸರಿತ್ತು, ಅಷ್ಟೆ. ಆದರೂ ಅವಳಿಗೆ ಹೆದರಿಕೆಯಾಯಿತು. ಮಷೀನನ್ನು ಅವಳು ನೋಡಿದ ಹಾಗೆ ಯಾರೂ ನೋಡಿರಲಿಲ್ಲ. ಅದು ಅವಳಿಗೊಬ್ಬಳಿಗೇ ಗೊತ್ತು.

ಅಲ್ಲೇ ನಿಂತು ಅವಳು ಲೆಕ್ಕ ಹಾಕಿದಳು. ಕೆಟ್ಟದ್ದು ನೆದರಿನಿಂದ ಅಂತಾದರೆ, ನೆದರು ಬೇಕಂತ ಹಾಕಿದ್ದಲ್ಲ. ವಿಭೂತಿಯಿಂದ ಅಂತಾದರೆ ತಪ್ಪು ಆಯಿಯದು, ಹಚ್ಚಿದವರು ಅವರೇ ತಾನೆ? ಹೇಗೆ ನೋಡಿದರೂ ತನ್ನದೇನಿಲ್ಲ. ಲೆಕ್ಕ ಸರಿಯಾಗಿಯೇ ಇತ್ತು. ಆದರೂ ಅವಳು ಮತ್ತೊಮ್ಮೆ ಮೊದಲಿನಿಂದ ಲೆಕ್ಕ ಹಾಕಿದಳು.

ಮಧ್ಯಾಹ್ನ ಎಲ್ಲರೂ ಉಂಡರು. ಆಯಿ ನಾಹಿದಾಳಿಗೂ ಹೋಳಿಗೆ ಬಡಿಸಿದರು. ಅವಳು ತಟ್ಟೆಯಲ್ಲಿ ಬೆರಳಾಡಿಸುತ್ತಾ ಕೂತಳು.

“ತಿನ್ನವಾ, ಹೋದ್ರ ಹೋತು” ಎಂದರು ಆಯಿ.

“ನಾನ ಏನರ ತಪ್ಪ ಮಾಡೇನ್ರಿ ಆಯಿ” ಎಂದಳು ನಾಹಿದಾ. “ನಿನ್ನೆ ಕಾರ್ಡ್ ತೆಗಿಯೂ ಮುಂದ ಜೋರ್ ಎಳದೆ ಅನಸತೈತಿ. ಅದಕ್ಕ ಒಳಗಿಂದು ಮುರದೈತಿ.” ಆಮೇಲೆ ಸೌಮ್ಯಾಳ ಕಡೆ ತಿರುಗಿ, “ನೀ ತೆಗದಿದ್ರ ಮುರೀತಿದ್ದಿಲ್ಲ ನೋಡು. ನಿನ್ನ ಕೈ ಹಗೂರ ಐತಿ. ಕ್ರಾಫ್ಟ್ ಕ್ಲಾಸಿನ್ಯಾಗ ನೋಡೇನಲಾ” ಎಂದಳು.

ಅದನ್ನು ಅವಳು ಖರೇನೇ ಹೇಳಿದ್ದಳು. ಚುಚ್ಚಲಿಕ್ಕೆ ಹೇಳಿದ್ದರೆ ಸೌಮ್ಯಾ ತಿರುಗಿ ಜಗಳವಾಡಿ ಹಗುರಾಗುತ್ತಿದ್ದಳು. ಅವಳು ಅರ್ಧ ತಿಂದ ಹೋಳಿಗೆಯನ್ನು ತಟ್ಟೆಯ ಅಂಚಿಗೆ ಸರಿಸಿದಳು.

ಹೊರಗೆ ಟೆಂಪೋದ ಹಾರ್ನು ಕೇಳಿಸಿತು.

“ಬರ್ರಿ ಫಕೀರೇಶಪ್ಪ” ಎಂದು ಆಯಿ ಎದ್ದರು. ಕಾಕಾ ಹಳೆ ತಕ್ಕಡಿಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕತೊಡಗಿದ. ಮಷೀನನ್ನು ಕೈಗೆತ್ತಿಕೊಂಡವನು ಅದನ್ನು ಸುಮ್ಮನೆ ಹಿಡಿದುಕೊಂಡು ನಿಂತ. ನಾಹಿದಾ ಹತ್ತಿರ ಹೋಗಿ ಅದನ್ನು ಇಸಿದುಕೊಂಡಳು. ಮುಚ್ಚಳ ಮುಚ್ಚಿ, ತನ್ನ ಓಢಣಿಯ ಅಂಚಿನಿಂದ ಒಮ್ಮೆ ಒರೆಸಿ, ಚೀಲದ ಬಾಯಿಯ ಹತ್ತಿರ ಬಗ್ಗಿದಳು.

“ಕಾಕಾ, ಸಂದ್ಯಾಗ ವಿಭೂತಿ ಐತಿ!”

ಮಾತು ಹೊರಬಿದ್ದ ಮೇಲೆಯೇ ಅದು ತನ್ನದೇ ದನಿ ಎಂದು ಸೌಮ್ಯಾಳಿಗೆ ಗೊತ್ತಾದದ್ದು.

“ಏನಂದಿ?”

“ಕಾರ್ಡ್ ಹಾಕೂ ಸಂದ್ಯಾಗ. ಆಯಿ ಪೂಜಾ ಮಾಡೂ ಮುಂದ ಒಳಗ ಹೋತು. ಹಸೀ ವಿಭೂತಿ.”

ಕಾಕಾ ಮಷೀನನ್ನು ತೆಗೆದುಕೊಂಡು ಬಾಗಿಲಿನ ಬೆಳಕಿಗೆ ಹಿಡಿದ. ಒಂದು ಕಣ್ಣು ಮುಚ್ಚಿ ಸಂದಿಯೊಳಗೆ ನೋಡಿದ. ಮೊಬೈಲಿನ ಟಾರ್ಚು ಹಾಕಿ ನೋಡಿದ. “ಅಯ್ಯ, ಹೌದಲ್ಲ! ಒಣಗಿ ಸುಣ್ಣ ಆದಂಗ ಆಗೇತಿ” ಎಂದವನು ತಲೆ ಎತ್ತಿ ಕೇಳಿದ, “ನಿಂಗ ಹೆಂಗ ಗೊತ್ತಾತು?”

“ನೋಡೇನಿ.”

“ಯಾವಾಗ?”

“ಮುಂಜಾನೆ. ಹಚ್ಚೂ ಮುಂದನ.”

ಕಾಕಾ ಬೈಯುತ್ತಾನೆಂದು ಸೌಮ್ಯಾ ಕಾದಳು. ಬೈದಿದ್ದರೆ ಚಲೋ ಇತ್ತು. ಅವನು ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಡ್ರಾಯರ್ ಎಳೆದು, ಸಣ್ಣ ಬ್ರಶ್ಶು ಮತ್ತು ಸ್ಪಿರಿಟ್ ಬಾಟಲಿ ಹುಡುಕತೊಡಗಿದ.

“ಮುಂಜಾನಿಂದ ಗೊತ್ತಿತ್ತೇನ ನಿಂಗ?” ಎಂದು ನಾಹಿದಾ ಕೇಳಿದಳು. ಮೆಲ್ಲಗೆ ಕೇಳಿದಳು.

ಸೌಮ್ಯಾ ಹೂಂ ಎಂದು ತಲೆ ಆಡಿಸಿದಳು. ನಾಹಿದಾ ಟೇಬಲ್ಲಿನ ಕಡೆ ತಿರುಗಿ, ಸ್ಟೂಲಿನ ಮೇಲೆ ಕೂತಳು. ಅವಳ ಬೆನ್ನು ಮಾತ್ರ ಸೌಮ್ಯಾಳಿಗೆ ಕಂಡಿತು.

ಆಯಿಯ ಮುಖ ಸಣ್ಣಗಾಗಿತ್ತು. “ನಾ ಹಚ್ಚಿದ ವಿಭೂತಿನ?” ಎಂದರು. ಆಮೇಲೆ ಒಮ್ಮೆಲೆ ಹುರುಪು ಬಂದು, “ನೋಡು ಮತ್ತ! ನೆದರ ತಗದ ಮ್ಯಾಲನ ಎಲ್ಲಾ ಹೊರಗ ಬಂತು. ತಗೀಲಿಲ್ಲಂದ್ರ ಬರತಿತ್ತೇನ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಟೆಂಪೋದ ಕಡೆ ಹೋದರು.

ಕಾಕಾ ಬ್ರಶ್ಶನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಸಂದಿಯನ್ನು ಉಜ್ಜಿದ. ಬಿಳಿ ಪುಡಿ ಉದುರಿತು. ಮತ್ತೆ ಅದ್ದಿದ, ಮತ್ತೆ ಉಜ್ಜಿದ, ಫೂ ಎಂದು ಊದಿದ. ಸ್ಪಿರಿಟ್ಟು ಆರುವವರೆಗೆ ಬಿಟ್ಟರು. ಆಮೇಲೆ ಕಾಕಾ ಮಷೀನನ್ನು ನಾಹಿದಾಳ ಮುಂದಿಟ್ಟ.

ಅವಳು ಬಿಸ್ಮಿಲ್ಲಾ ಎಂದು ಕಾರ್ಡು ತೂರಿಸಿದಳು. ಮೂಲೆಯ ಕೀ ಒತ್ತಿ ಆನ್ ಮಾಡಿದಳು.

ಬಿಳಿ ಅಕ್ಷರಗಳು ಓಡಿದವು!

ಈ ಸಲ ನಾಹಿದಾ ಕೂಗಲಿಲ್ಲ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅಕ್ಷರಗಳು ಓಡಿ ಓಡಿ ನಿಂತು, ಮಷೀನು ಒಂದೊಂದೇ ಪ್ರಶ್ನೆ ಕೇಳಿತು. ಯಾವ ಭಾಷೆ? ಯಾವ ದೇಶ? ಹಳೆಯದನ್ನೆಲ್ಲ ಅಳಿಸಲೇ? ಕೊನೆಗೆ, ನಿಮ್ಮ ಹೆಸರೇನು?

“ಹಾಕವಾ ನಿನ್ನ ಹೆಸರು” ಎಂದ ಕಾಕಾ.

ನಾಹಿದಾ ಒಂದೊಂದೇ ಕೀ ಒತ್ತಿದಳು. ಒಂದೊಂದು ಅಕ್ಷರ ಮೂಡಿದಾಗಲೂ ಸೌಮ್ಯಾಳ ಹೊಟ್ಟೆಯೊಳಗೆ ಒಂದೊಂದು ಸೂಜಿ. ತಪ್ಪು ಒಪ್ಪಿಕೊಂಡರೆ ಈ ಉರಿ ಹೋಗುತ್ತದೆ ಎಂದು ಅವಳು ತಿಳಿದಿದ್ದಳು. ಎಲ್ಲಿ ಹೋಯಿತು? ಇದ್ದಲ್ಲೇ ಇತ್ತು.

ಲಿನಕ್ಸ್ ಒಳಗೆ ಇಳಿಯತೊಡಗಿತು. ಸ್ಕ್ರೀನಿನ ಕೆಳಗೆ ಒಂದು ಹಸಿರು ಪಟ್ಟಿ ಇರುವೆಯ ಹಾಗೆ ಮುಂದೆ ಸರಿಯುತ್ತಿತ್ತು. ಇದ್ದಕ್ಕಿದ್ದಂತೆ ಸ್ಕ್ರೀನು ಮಂಕಾಯಿತು. ಕಾಕಾ ಗಾಬರಿಯಾಗಿ ಚಾರ್ಜರಿನ ವೈರು ಹಿಡಿದು ಅದುಮಿದ. ಮತ್ತೆ ಬೆಳಕು ಬಂತು.

“ಪಿನ್ನು ಸಡ್ಲ ಐತಿ. ಬ್ಯಾಟರಿ ಅಂತೂ ಸತ್ತೈತಿ. ನಡಕ ಕರೆಂಟ್ ತಪ್ತು ಅಂದ್ರ ಹಳೇದೂ ಇಲ್ಲ, ಹೊಸಾದೂ ಇಲ್ಲ. ಮತ್ತ ಮೊದಲಿಂದ ಏನ ಆಗತೈತೋ ನಂಗೂ ಗೊತ್ತಿಲ್ಲ.”

“ರಾಜಾ, ಈ ಚೀಲ ಎತ್ತಾಕ ಯಾರರ ಬರ್ತೀರೋ, ಇಲ್ಲೋ?” ಎಂದು ಹೊರಗಿನಿಂದ ಆಯಿಯ ದನಿ ಬಂತು.

ಕಾಕಾ ಬಾಗಿಲು ನೋಡಿದ, ವೈರು ನೋಡಿದ. ನಾಹಿದಾಳ ಎರಡೂ ಕೈ ಮಷೀನನ್ನು ಹಿಡಿದಿದ್ದವು.

“ನಾ ಹಿಡೀತೇನಿ” ಎಂದಳು ಸೌಮ್ಯಾ.

ಕಾಕಾ ಒಂದು ಗಳಿಗೆ ತಡೆದ. ಆಮೇಲೆ ಅವಳ ಹೆಬ್ಬೆರಳನ್ನು ಪಿನ್ನಿನ ಮೇಲೆ ಇಟ್ಟು, ತನ್ನದನ್ನು ತೆಗೆದು ಹೊರಗೆ ಹೋದ.

ಕೋಣೆಯಲ್ಲಿ ಇಬ್ಬರೇ ಉಳಿದರು.

“ಬಿಡಬ್ಯಾಡ ಮತ್ತ” ಎಂದಳು ನಾಹಿದಾ, ಸ್ಕ್ರೀನಿನಿಂದ ಕಣ್ಣು ತೆಗೆಯದೆ.

“ಬಿಡೂದಿಲ್ಲ.”

ಹಸಿರು ಪಟ್ಟಿ ತೆವಳಿತು. ಪಿನ್ನು ಬಿಸಿಯಾಗಿತ್ತು. ವೈರಿನ ಅಂಚು ಬೆರಳಿಗೆ ಒತ್ತುತ್ತಿತ್ತು. ಅರ್ಧದಷ್ಟು ದಾಟಿದಾಗ ಸೌಮ್ಯಾಳಿಗೆ ಒಂದು ಯೋಚನೆ ಬಂತು. ಕರೆದು ಬಂದದ್ದಲ್ಲ, ತಾನೇ ಬಂತು. ಈಗ ಬೆರಳನ್ನು ಕೊಂಚ, ಕೊಂಚವೇ ಎತ್ತಿದರೆ ಸಾಕು. ಯಾರಿಗೂ ಗೊತ್ತಾಗುವುದಿಲ್ಲ. ಪಿನ್ನು ಸಡಿಲ ಇದೆ ಎಂದು ಕಾಕಾನೇ ಹೇಳಿದ್ದಾನೆ. ಆಯಿ ಬಂದು ಇನ್ನೊಂದು ಸಲ ಮೆಣಸಿನಕಾಯಿ ಸುಡುತ್ತಾರೆ. ಅಷ್ಟೇ.

ಇಷ್ಟು ಹೊತ್ತು ಅವಳು ತನ್ನ ಕಣ್ಣಿಗೆ ಹೆದರಿದ್ದಳು. ಈಗ ಹೆಬ್ಬೆರಳನ್ನು ನೋಡಿದಳು. ಅದು ಇಟ್ಟಲ್ಲೇ ಇತ್ತು. ಅವಳು ಎತ್ತು ಎಂದರೆ ಏಳುವಂಥದು, ಇರು ಎಂದರೆ ಇರುವಂಥದು. ಅವಳು ಇನ್ನೊಂದು ಕೈಯನ್ನೂ ತಂದು ಅದರ ಮೇಲಿಟ್ಟು ಒತ್ತಿ ಹಿಡಿದಳು.

ನಾಹಿದಾ ಆಗ ಮೊದಲ ಸಲ ತಿರುಗಿ ನೋಡಿದಳು. ಸೌಮ್ಯಾಳ ಮುಖ ಕೆಂಪಾಗಿತ್ತು. ಹಲ್ಲು ಕಚ್ಚಿ ಹಿಡಿದಿದ್ದಳು.

“ನೋಯಾಕತ್ತೇತೇನ?”

“ಇಲ್ಲ.”

“ಸುಳ್ಳ ಹೇಳಬ್ಯಾಡ.”

“ಸ್ವಲ್ಪ.”

“ಕೈ ಬದ್ಲಿ ಮಾಡೂಣೇನ?”

“ಬ್ಯಾಡ. ಬದ್ಲಿ ಮಾಡೂ ಮುಂದ ತಪ್ಪಿದ್ರ?”

ನಾಹಿದಾ ಮತ್ತೆ ಸ್ಕ್ರೀನಿನ ಕಡೆ ತಿರುಗಿದಳು. “ನಂಗ ಯಾಕ ಹೇಳಲಿಲ್ಲ ನೀ?” ಎಂದಳು.

ಸೌಮ್ಯಾಳ ಹತ್ತಿರ ಹೇಳಲು ಬಹಳ ಇತ್ತು. ಮೊಟಕು, ಹುಲಿ, ಕಾಕಾ, ಸ್ಟೂಲು. ಆದರೆ ಎಲ್ಲ ಸೇರಿ ಒಂದೇ ಮಾತಾಗಿ ಬಂತು.

“ಹೊಟ್ಟಿಕಿಚ್ಚಾತು.”

“ನನ್ನ ಮ್ಯಾಲ?” ನಾಹಿದಾಳಿಗೆ ಅದು ನಂಬಲು ಬರಲಿಲ್ಲ. “ನಿಮ್ಮ ಮನ್ಯಾಗ ದಿನಾ ಕಾಕಾ ಇರತಾರ. ನಂಗ ತಕ್ಕಡಿ ಕೆಟ್ಟಾಗ ಅಷ್ಟ ಸಿಗತಾರ.”

ಹಸಿರು ಪಟ್ಟಿ ಈ ತುದಿಯಿಂದ ಆ ತುದಿಗೆ ಮುಟ್ಟಿತು. ಸ್ಕ್ರೀನು ಕಪ್ಪಾಗಿ, ಕಾರ್ಡು ತೆಗೆಯಿರಿ ಎಂದು ತೋರಿಸಿತು. ನಾಹಿದಾ ಹಗುರವಾಗಿ, ಬಹಳ ಹಗುರವಾಗಿ ಕಾರ್ಡು ತೆಗೆದಳು. ಮಷೀನು ತಾನೇ ಆರಿ, ತಾನೇ ಹೊತ್ತಿಕೊಂಡಿತು. ಪಾಸ್‌ವರ್ಡ್ ಕೇಳುವ ಫ್ಯಾಕ್ಟರಿ ಇರಲಿಲ್ಲ. ನೀಲಿ ಬಣ್ಣದ ಸ್ಕ್ರೀನು, ಅದರ ನಡುವೆ ಸ್ವಾಗತ, ಕೆಳಗೆ ನಾಹಿದಾಳ ಹೆಸರು.

ಸೌಮ್ಯಾ ಆ ಹೆಸರನ್ನು ನೋಡಿದಳು. ಚುಚ್ಚಿತು. ಆದರೂ ಅವಳು ನೋಟ ತೆಗೆಯಲಿಲ್ಲ, ಬೆರಳೂ ತೆಗೆಯಲಿಲ್ಲ.

“ಈಗ ಬಿಟ್ರೂ ನಡೀತೈತಿ. ಆತಲ್ಲ” ಎಂದಳು ನಾಹಿದಾ.

ಸೌಮ್ಯಾ ಬೆರಳೆತ್ತಿದಳು. ಹೆಬ್ಬೆರಳಿನ ಮೇಲೆ ವೈರಿನ ಗುರುತು ಕೆಂಪಗೆ ಮೂಡಿತ್ತು. ಸ್ಕ್ರೀನು ಆರಿಯೇ ಹೋಯಿತು.

“ಅಯ್ಯ, ಬ್ಯಾಟರಿ ಸತ್ತೈತಂತ ಮರತೇ ಬಿಟ್ಟಿದ್ದೆ!” ಎಂದು ನಾಹಿದಾ ನಗತೊಡಗಿದಳು. ಸೌಮ್ಯಾ ಗಾಬರಿಯಿಂದ ಪಿನ್ನು ಅದುಮಿದಳು. ನಾಹಿದಾ ಮತ್ತೆ ಆನ್ ಮಾಡಿದಳು. ನೀಲಿ ಬಣ್ಣ ಬಂತು, ಹೆಸರೂ ಬಂತು. ಒಳಗೆ ಕೂತದ್ದು ಕಾಯಂ ಕೂತಿತ್ತು.

ನಿಂತು ನಿಂತು ಸೌಮ್ಯಾಳ ಕಾಲು ನೋಯುತ್ತಿತ್ತು. ನಾಹಿದಾ ಅವಳ ಕಡೆ ನೋಡದೆಯೇ ಒಂದು ಬದಿಗೆ ಸರಿದಳು. ಅರ್ಧ ಸ್ಟೂಲು ಖಾಲಿಯಾಯಿತು. ಸೌಮ್ಯಾ ವೈರು ಬಿಡದೆ, ಮೆಲ್ಲಗೆ ಬಂದು ಅದರ ಮೇಲೆ ಕೂತಳು.

“ಆ ಮೂಲ್ಯಾಗ ಸಣ್ಣದು ಕಾಣತೈತಲ್ಲ, ಅದು ಏನದು?” ಎಂದು ಕೇಳಿದಳು.

“ನಂಗೂ ಗೊತ್ತಿಲ್ಲ” ಎಂದಳು ನಾಹಿದಾ. “ಒತ್ತಿ ನೋಡೂಣು, ತಡಿ.”